ಸನ್ಮಾನದ ಕೌದಿ

ಕೊಟ್ಟವರ ಪ್ರೀತಿ ಎಷ್ಟೋ ಬಟ್ಟೆಯೂ ಅಷ್ಟೇ ಬೆಚ್ಚಗಿರುವ ಕಾಲ ಬಂದ ಮೇಲೆ, ಹಳೆ ಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿಯುವ ಫಕೀರವ್ವ ಕತ್ತರಿ ಹಿಡಿಯುವ ಮೊದಲು ಪ್ರತಿ ಬಟ್ಟೆಯ ಮೇಲೂ ಅಂಗೈ ಇಟ್ಟು ನೋಡುತ್ತಿದ್ದಳು. ಚಳಿಗೆ ಹಲ್ಲು ಕಟಕಟಿಸುತ್ತಿದ್ದ ನಿವೃತ್ತ ಪ್ರಿನ್ಸಿಪಾಲ ಗುರುಪಾದಪ್ಪನವರು ಅವಳ ಮುಂದೆ ನಲವತ್ತು ಸನ್ಮಾನದ ಶಾಲುಗಳ ಗಂಟು ಬಿಚ್ಚಿದರು.

"ಇದು ಮಂತ್ರಿಗಳು ಹೊದಿಸಿದ್ದು!"

ಮುಟ್ಟಿದ ಫಕೀರವ್ವ ಸೀನಿದಳು. "ಬರ್ಫ ಆಗೇತ್ರೀ ಸರ."

ಮೂವತ್ತೊಂಬತ್ತೂ ಹಾಗೆಯೇ ಕೊರೆಯುತ್ತಿದ್ದವು. ಕೊನೆಯದು ಮಾತ್ರ ತುಸು ಬೆಚ್ಚಗಿತ್ತು.

"ಇದನ್ನ್ಯಾರು ಕೊಟ್ಟಾರ್ರೀ?"

"ಅವತ್ತು ಸಂಘದವರು ಶಾಲು ತರೋದು ಮರೆತಿದ್ರು. ನಾನೇ ಒಂದು ಒಯ್ದಿದ್ದೆ."

"ಹೌದಲ್ಲ, ನಿಮ್ಮ ಮ್ಯಾಲೆ ನಿಮಗ ಪ್ರೀತಿ ಇರೋದೇ ಬಿಡ್ರಿ."

ಗಂಟು ಕಟ್ಟಿದ್ದ ಹಳೆಯ ಸೀರೆಯನ್ನು ಎತ್ತಿದಾಗ ಅವಳ ಅಂಗೈ ಹಿತವಾಗಿ ಕಾಯಿತು.

"ಅದು ಪಾತ್ರೆ ತೊಳಿಯೋ ಸಾಂವಕ್ಕಂದು. ನಾನು ಇಷ್ಟು ಶಾಲು ಹೊರಲಾರದೆ ಒದ್ದಾಡೋದು ನೋಡಿ, ಗಂಟು ಕಟ್ಟಲಿಕ್ಕೆ ತಾನು ಚಳಿಗೆ ಹೊದ್ದುಕೊಂಡಿದ್ದನ್ನೇ ತೆಗೆದು ಕೊಟ್ಟಳು."

"ಇದೊಂದರಾಗ ನಿಮ್ಮ ಚಳಿ ಬಿಡತೈತ್ರಿ."

ಪ್ರಿನ್ಸಿಪಾಲರು ಬೀದಿಯತ್ತ ನೋಡಿ ದನಿ ತಗ್ಗಿಸಿದರು. "ಹಂಗಾದ್ರ ಅದು ಒಳಮಗ್ಗಲಿಗಿರಲಿ. ಮ್ಯಾಲೆ ಮಂತ್ರಿಗಳ ಶಾಲೇ ಕಾಣಬೇಕು. ಸಾಂವಕ್ಕಗ ಬದಲಿಗೆ ನಾನೊಂದು ಶಾಲು ಕೊಡತೇನಿ."

ಸೂಜಿಗೆ ದಾರ ಪೋಣಿಸುತ್ತಿದ್ದ ಫಕೀರವ್ವ ತಲೆ ಎತ್ತಿದಳು.

"ಬ್ಯಾಡ್ರೀ ಸರ. ಪಾಪ, ಆಕಿಗ್ಯಾಕ ಥಂಡಿ ಹಚ್ಚತೀರಿ?"