ಟಿಪ್ಸು ಒಂದು ಇಂಚು

ಎತ್ತರವನ್ನೇ ಟಿಪ್ಸಾಗಿ ಕೊಡುವ ಪದ್ಧತಿ ಬಂದ ಮೇಲೆ, ಗದಗಿನ ಖಾನಾವಳಿಯಲ್ಲಿ ರೊಟ್ಟಿ ಬಡಿಸುವ ರೇಣವ್ವ ನಿಧಾನವಾಗಿ ಬೆಳೆಯುತ್ತಿದ್ದಳು. ಪೊಲೀಸ್ ಆಯ್ಕೆಗೆ ಇನ್ನೂ ಒಂದು ಇಂಚು ಕಡಿಮೆ, ಅಳತೆ ನಾಳೆಯೇ. ಗಿರಾಕಿಗಳೋ ಊಟದ ಕೊನೆಗೆ ಬರುವ ಬಡಿಶೇಪಿನ, ಅಂದರೆ ಸೋಂಪಿನ, ತಟ್ಟೆಗೆ ಬೆರಳು ಸೋಕಿಸಿ ಕೂದಲೆಳೆಯಷ್ಟು ಎತ್ತರ ಕೊಡುವವರು.

ವಾಡಿಕೆ ಗೊತ್ತಿಲ್ಲದ ಪರವೂರಿನ ಚನ್ನವೀರಪ್ಪ, ಜೋಳದ ದಂಟಿನಂಥ ಆಳು, ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವಂತೆ ತಟ್ಟೆಯನ್ನು ಬಲವಾಗಿ ಒತ್ತಿ ಎದ್ದರು. ರೇಣವ್ವನ ಸೀರೆಯಂಚು ಪಾದ ಬಿಟ್ಟು ಮೇಲೇರಿತು. ಆಸೆ ನುಂಗಿಕೊಂಡು ಅವಳು ಹಿಂದೆಯೇ ಓಡಿದಳು.

“ಕಾಕಾ, ಗೊತ್ತಾಗದ ಒಂದ್ ಇಂಚ ಕೊಟ್ಟೀರಿ. ವಾಪಸ್ ತಗೋರಿ.”

ಹೊರಗೆ ನಿಂತ ಚನ್ನವೀರಪ್ಪ ನೆತ್ತಿ ಸವರಿಕೊಳ್ಳುತ್ತ ಬಾಗಿಲನ್ನೇ ನೋಡುತ್ತಿದ್ದರು.

“ಏ, ಸುಮ್ನಿರವ್ವಾ! ಮೀಸಿ ಬಂದಾಗಿಂದ ತಲಿ ಬಡಿಸ್ಕೊಳ್ಳದ ಬಾಗಲಾ ದಾಟಿದ್ದು ಇದ ಮೊದಲ. ಬೇಕಂದ್ರ ಇನ್ನೊಂದ್ ಇಂಚ ತಗೋ!”

ಮರುದಿನ ಅಳತೆಗೋಲಿನ ಕೆಳಗೆ ರೇಣವ್ವ ಹಿಮ್ಮಡಿಯನ್ನು ನೆಲಕ್ಕೂರಿಯೇ ನಿಂತಳು.