ಬೆಂಚು ಕಾಯುವ ಹುಡುಗ

ಅವಳು ಗೇಟು ದಾಟಿ ಒಳಗೆ ಕಾಲಿಟ್ಟದ್ದೇ ತಡ, ಕೋಚ್ ಅವಳ ಮಗನ ಹೆಗಲ ಮೇಲೆ ಕೈಹಾಕಿ ಅಂಕಣದಿಂದ ಹೊರಗೆ ಕರೆತಂದ. ಮಗ ತಲೆತಗ್ಗಿಸಿ ಬೆಂಚಿನ ತುದಿಯಲ್ಲಿ ಕೂತ. ಅಲ್ಲಿಯವರೆಗೆ ಅವನು ಮೊದಲು ಕಣಕ್ಕಿಳಿಯುವ ಐವರ ಜೊತೆ ಬುಟ್ಟಿಗೆ ಚೆಂಡು ಹಾಕಿ ಅಭ್ಯಾಸ ಮಾಡುತ್ತಿದ್ದುದನ್ನು ಜಾಲರಿಯ ಬೇಲಿಯಾಚೆಯಿಂದ ಅವಳು ಕಣ್ಣಾರೆ ಕಂಡಿದ್ದಳು. ಅವನ ಜಾಗಕ್ಕೆ ಓಡಿ ಬಂದವನು ಬ್ಯೂಟಿ ಪಾರ್ಲರಿನವಳ ಮಗ. ಇನ್ಯಾರು ಬರುತ್ತಾರೆ?



ಇದು ಆಯ್ಕೆಯ ಪಂದ್ಯ. ದೊಡ್ಡ ಕ್ಲಬ್ಬಿನ ಇಬ್ಬರು ಆಯ್ಕೆಗಾರರು ಮೇಜು ಹಾಕಿಕೊಂಡು ಕೂತಿದ್ದರು. ಅವರು ಬೆರಳು ತೋರಿಸಿದ ಹುಡುಗನ ಹಾಸ್ಟೆಲ್, ಕಾಲೇಜು, ಊಟ ಎಲ್ಲವೂ ಕ್ಲಬ್ಬಿನದೇ. ಬೆಂಚು ಕಾಯುವವನ ಕಡೆಗೆ ಬೆರಳು ಯಾಕೆ ತಿರುಗೀತು?

ಬೆಳಿಗ್ಗೆ ಮಗ ಅವಳ ಪಾಳಿ ಯಾವುದೆಂದು ಕೇಳಿದ್ದ. ಪಂದ್ಯವಿದ್ದ ದಿನ ತಪ್ಪದೆ ಕೇಳುತ್ತಿದ್ದ. ಅಮ್ಮ ನೋಡಲಿ ಎಂದು ಎಷ್ಟು ಆಸೆ ಪಾಪ ಎಂದು ಅವಳ ಕರುಳು ಚುರುಕ್ ಎನ್ನುತ್ತಿತ್ತು. ಹಗಲು ಪಾಳಿ ಎಂದು ಹೇಳಿ, ಆಮೇಲೆ ಮೇಲ್ವಿಚಾರಕನ ಕೈಕಾಲು ಹಿಡಿದು ಅನುಮತಿ ಗಿಟ್ಟಿಸಿಕೊಂಡು, ಮಗನಿಗೆ ತಿಳಿಸದೆಯೇ ಬಂದಿದ್ದಳು.

ಅವಳ ಕೆಲಸ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳ ತಪಾಸಣೆ. ಹೊಲಿಗೆ ಸೊಟ್ಟಗಿದ್ದರೆ, ಗುಂಡಿ ಸಡಿಲವಿದ್ದರೆ ಕೆಂಪು ಚೀಟಿ ಅಂಟಿಸಿ ಹಿಂದಕ್ಕೆ ಎಸೆಯಬೇಕು. ತಪ್ಪು ಹುಡುಕುವುದರಲ್ಲಿ ಅವಳದು ಎತ್ತಿದ ಕೈ.

ಇಲ್ಲಿನ ತಪ್ಪಂತೂ ಕುರುಡನಿಗೂ ಕಾಣುವಂಥದ್ದು. ಅವಳು ಕೆಲಸದಲ್ಲಿದ್ದ ದಿನ ಮಗ ಆಡುತ್ತಿದ್ದ. ಅದೂ ಎಂಥ ಆಟ! ಅವನ ಎತ್ತರಕ್ಕೆ ಒಂಟೆ ಎಂದು ಹೆಸರಿಟ್ಟ ಪಕ್ಕದ ಮನೆಯ ಹುಡುಗರು, ಒಂಟೆ ಒಬ್ಬನೇ ಗೆಲ್ಲಿಸಿದ ಎಂದು ಬೀದಿ ತುಂಬ ಸಾರುತ್ತಿದ್ದರು. ಅವಳು ಬಂದ ದಿನ ಮಾತ್ರ ಬೆಂಚು. ಮೊದಮೊದಲು ಅವಳೆದುರು ಅವನನ್ನು ಆಟಕ್ಕೆ ಇಳಿಸಿದ್ದೂ ಉಂಟು. ಆಗೆಲ್ಲ ಚೆಂಡು ಅವನ ಕೈಯಿಂದ ಸಾಬೂನಿನಂತೆ ಜಾರುತ್ತಿತ್ತು. ಕೂರಿಸಿ ಕೂರಿಸಿ ಮೈ ತಣ್ಣಗಾದ ಮೇಲೆ ಇಳಿಸಿದರೆ ಇನ್ನೇನಾಗುತ್ತದೆ ಎಂದು ಅವಳು ಜಗಳ ತೆಗೆದರೆ, ಕೋಚ್, ಹುಡುಗನ ಆಟ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ ಎಂದು ರಾಗ ಎಳೆಯುತ್ತಿದ್ದ.

ಕಾರಣ ಅವಳಿಗೆ ಗೊತ್ತಿತ್ತು. ಕೋಚ್‌ನ ಹೆಂಡತಿ ಕೂದಲು ಕತ್ತರಿಸಿಕೊಳ್ಳುವುದು ಆ ಪಾರ್ಲರಿನಲ್ಲೇ. ಪುಕ್ಕಟೆಯೇ ಇರಬೇಕು. ಬೆಣ್ಣೆ ಹಚ್ಚುವುದನ್ನು ಆ ಹೆಂಗಸಿನಿಂದ ಕಲಿಯಬೇಕು.

ಹಾಗಂತ ಆ ಹುಡುಗನ ಆಟವನ್ನು ಅಲ್ಲಗಳೆಯಲು ಅವಳಿಂದ ಆಗುತ್ತಿರಲಿಲ್ಲ. ಅದೇ ಅವಳ ಸಂಕಟ. ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅನ್ನದ ಜೊತೆ ಅವನ ಆಟವನ್ನೇ ಮಗನಿಗೆ ಬಡಿಸುತ್ತಿದ್ದಳು. ಅವನು ಹೇಗೆ ಎಗರಿದ, ಹೇಗೆ ಗುರಿ ಹಿಡಿದ, ನೀನ್ಯಾಕೆ ಹಾಗಿಲ್ಲ. ಮಗ ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ಅಷ್ಟಾದರೂ ಚುಚ್ಚದಿದ್ದರೆ ಹುಡುಗನಿಗೆ ರೋಷ ಹುಟ್ಟುವುದು ಹೇಗೆ ಎಂಬುದು ಅವಳ ವಾದ.

ಪ್ರೇಕ್ಷಕರ ಬೆಂಚಿನಲ್ಲಿ ಕೂತಿದ್ದ ಪಾರ್ಲರಿನವಳು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಬನ್ನಿ ಅಕ್ಕಾ. ನಿಮಗೆ ಇವತ್ತು ಡ್ಯೂಟಿ ಅಲ್ವಾ?"

ಇವಳಿಗ್ಯಾಕೆ ನನ್ನ ಡ್ಯೂಟಿಯ ಉಸಾಬರಿ ಎಂದು ಮೂಗು ಮುರಿದು ಅವಳು ಕೂತಳು. ಆಟ ಶುರುವಾಯಿತು. ಆ ಹುಡುಗ ಬುಟ್ಟಿಗೆ ಚೆಂಡು ಹಾಕಿದಾಗಲೆಲ್ಲ ಪಕ್ಕದಲ್ಲಿ ಚಪ್ಪಾಳೆ. ಒಂದೊಂದು ಚಪ್ಪಾಳೆಯೂ ತನ್ನ ಕೆನ್ನೆಗೇ ಬಿದ್ದಂತೆ ಅವಳಿಗೆ ಉರಿಯಿತು. ತಂಡ ಸೋಲುತ್ತಿತ್ತು. ಸೋಲಲಿ ಎಂದುಕೊಂಡಳು.

ವಿರಾಮದಲ್ಲಿ ನೆಟ್ಟಗೆ ಕೋಚ್‌ನ ಎದುರು ಹೋಗಿ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಕೇಳಿದ:

"ನಿಮ್ಮ ಪರ್ಮಿಷನ್ ಎಷ್ಟು ಹೊತ್ತಿನವರೆಗೆ?"

"ನನ್ನ ಪರ್ಮಿಷನ್ ಕಟ್ಕೊಂಡು ನಿಮಗೇನಾಗ್ಬೇಕು? ಮಗನ್ನ ಯಾವಾಗ ಇಳಿಸ್ತೀರ, ಅದು ಹೇಳಿ."

"ಅವನು ಹೂಂ ಅಂದ ತಕ್ಷಣ ಇಳಿಸ್ತೀನಿ."

ಅಣಕಿಸುತ್ತಿದ್ದಾನೆ. ಅವಳು ಕೋಚ್‌ನ ಜನ್ಮ ಜಾಲಾಡಿದಳು. ಅವನು ನೆಲ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡ. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು ಬಂತು. ಮಾಲು ಒಯ್ಯುವ ಲಾರಿ ಬಂದು ನಿಂತಿದೆ, ಕೂಡಲೇ ಬಾ ಎಂದು ಮೇಲ್ವಿಚಾರಕ ಗದರಿದ. ಅವಳು ಚೀಲ ಎತ್ತಿಕೊಂಡಳು.

"ನೀವು ನೆಮ್ಮದಿಯಾಗಿ ಹೋಗಿ ಅಕ್ಕಾ," ಎಂದಳು ಪಾರ್ಲರಿನವಳು. "ನಿಮ್ಮ ಮಗನ ಆಟ ನಾನು ನೋಡ್ತೀನಿ."

ಗಾಯಕ್ಕೆ ಉಪ್ಪು ಸವರಿದಂತಾಯಿತು. ಕಣ್ಣೀರು ಕಾಣಬಾರದೆಂದು ಅವಳು ಹಿಂತಿರುಗಿ ನೋಡದೆ ಗೇಟು ದಾಟಿದಳು.

ಬಸ್ ನಿಲ್ದಾಣ ತಲುಪಿರಲಿಲ್ಲ, ಹಿಂದಿನಿಂದ ಕೂಗು ಕೇಳಿಸಿತು. ಒಂಟೆ, ಒಂಟೆ ಎಂದು ಇಡೀ ಮೈದಾನ ಅರಚುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ ಬಂದು ಜಾಲರಿಗೆ ಮುಖ ಒತ್ತಿದಳು. ಒಳಗೆ ಮಗ ಹಾರುತ್ತಿದ್ದ. ಇಬ್ಬರನ್ನು ತಪ್ಪಿಸಿ ನುಗ್ಗಿ ಚೆಂಡು ಹಾಕಿದ. ತಿರುಗಿದವನೇ ಇನ್ನೊಂದು ಕಿತ್ತುಕೊಂಡ. ಆಯ್ಕೆಗಾರರಲ್ಲೊಬ್ಬ ಎದ್ದು ನಿಂತಿದ್ದ. ಅತ್ತ ಪಾರ್ಲರಿನವಳು ಬೆಂಚಿನ ಮೇಲೆ ಹತ್ತಿ ಇವಳ ಮಗನ ಹೆಸರು ಕೂಗುತ್ತಿದ್ದಳು.

ನೋಡಲು ಎರಡು ಕಣ್ಣು ಸಾಲದಾಯಿತು. ತಾನು ದಬಾಯಿಸಿದ್ದಕ್ಕೇ ಕೋಚ್ ಬಗ್ಗಿದ! ಇಷ್ಟು ದಿನ ಸುಮ್ಮನಿದ್ದದ್ದೇ ತಪ್ಪಾಯಿತು ಎಂದುಕೊಂಡಳು. ಲಾರಿ ಹಾಳಾಗಿ ಹೋಗಲಿ. ಮಗನ ಹತ್ತಿರವೇ ನಿಂತು ನೋಡಬೇಕೆಂದು ಗೋಡೆ ಬಳಸಿ, ಆಟಗಾರರ ಬಾಗಿಲಿನಿಂದ ಬೆಂಚಿನ ಹಿಂಭಾಗಕ್ಕೆ ಬಂದಳು. ಅಷ್ಟರಲ್ಲಿ ಸೀಟಿ ಮೊಳಗಿತು. ಆಟಗಾರರು ಉಸಿರು ಬಿಡುತ್ತ ಕೋಚ್‌ನ ಸುತ್ತ ಸೇರಿದರು. ಪಾರ್ಲರಿನವಳ ಮಗ ತನ್ನ ನೀರಿನ ಬಾಟಲಿಯನ್ನು ಇವಳ ಮಗನ ಕೈಗಿಟ್ಟ. ಬೆನ್ನು ಹಾಕಿ ನಿಂತಿದ್ದ ಮಗನನ್ನು ಕರೆಯಲು ಅವಳು ಬಾಯಿ ತೆರೆದಳು.

"ಸರ್, ಅಮ್ಮ ಹೋಗಿದ್ದು ಖಂಡಿತ ತಾನೆ?" ಮಗ ಕೋಚ್‌ನ ತೋಳು ಹಿಡಿದು ಕೇಳುತ್ತಿದ್ದ. "ವಾಪಸ್ ಬಂದ್ರೆ ಮಾತ್ರ, ಯಾವಾಗಲೂ ಮಾಡೋ ಹಾಗೆ ನನ್ನನ್ನ ಹೊರಗೆ ಕೂರಿಸಿಬಿಡಿ."