ಇಲ್ಲದ ಸಾಲಿಗೆ ಹೂಂ

“ಇಲ್ಲದ ಸಾಲಿಗೆ ಹೂಂ ಅಂದಿರಲ್ಲ ಮಾವ, ನಾಲಿಗೆಯಾದ್ರೂ ಹೇಗೆ ಹೊರಳ್ತು ನಿಮಗೆ?”

ಪುಟ್ಟಿ ಹಳೆಯ ವರದಿಯನ್ನು ಮೇಜಿನ ಮೇಲೆ ಕುಕ್ಕಿ ಎದ್ದು ನಿಂತಿದ್ದಳು. ಎದುರಿಗೆ ಕೂತ ಸೋದರಮಾವನ ಕೈಯಲ್ಲಿ ಅದರ ಹೊಸ ಪ್ರತಿ, ಬೆರಳ ಸಂದಿಯಲ್ಲಿ ಪೆನ್ಸಿಲ್ಲು. ದಫ್ತರಖಾನೆಯಲ್ಲಿ ತಾಳೆ ನೋಡುವ ಕ್ರಮವೇ ಹಾಗೆ. ಒಬ್ಬರು ಹಳೆಯದನ್ನು ವಿರಾಮಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಹೊಸದರ ಸಾಲಿನ ಮೇಲೆ ಪೆನ್ಸಿಲ್ಲು ಸರಿಸುತ್ತ ಹೂಂ ಅನ್ನಬೇಕು. ಹೂಂ ಬಿದ್ದ ಸಾಲು ಸರಿಯಾಗಿದೆ ಎಂದು ಅರ್ಥ. ಈಗ ಒಂದು ಇಡೀ ಪ್ಯಾರಾಕ್ಕೆ ಮಾವ ಹೂಂಗುಟ್ಟುತ್ತಲೇ ಹೋಗಿದ್ದ. ಹೊಸ ಪ್ರತಿಯಲ್ಲಿ ಆ ಪ್ಯಾರಾವೇ ಇಲ್ಲದ್ದರಿಂದ ಪೆನ್ಸಿಲ್ಲು ಮಾತ್ರ ನಿಂತಲ್ಲೇ ನಿಂತಿತ್ತು.

“ಮೆಲ್ಲಗೆ ಮಾತಾಡು, ಬಾಗಿಲು ತೆಗೆದಿದೆ,” ಎಂದ ಮಾವ. “ಆ ಪ್ಯಾರಾ ಬೇಡ ಅಂತ ಸಾಹೇಬರು ಹೇಳಿದಾರೆ. ಕೂತ್ಕೊಂಡು ಮುಂದಿನದು ಓದು.”

“ಬರೆದು ಕೊಟ್ಟಿದಾರಾ?”

“ಇಂಥದ್ದನ್ನೆಲ್ಲ ಯಾರಾದ್ರೂ ಬರೆದು ಕೊಡ್ತಾರೇನೇ?”

“ಹಾಗಾದ್ರೆ ಸಾಹೇಬರ ಹೆಸರು ಎಲ್ಲೂ ಇರಲ್ಲ. ಕೆಳಗೆ ‘ತಾಳೆ ನೋಡಿದೆ’ ಅಂತ ರುಜು ಹಾಕೋದು ನೀವು, ನಾನು.”

ಮಾವ ಕನ್ನಡಕ ತೆಗೆದು ಒರೆಸತೊಡಗಿದ. ವರದಿ ನೂರ ಮೂವತ್ತು ವರ್ಷದ ಹಿಂದಿನದು. ಊರಾಚೆಯ ಗಣಿಯೊಳಗೆ ನೀರು ನುಗ್ಗಿ ಜನ ಸತ್ತಾಗ ಆಗಿನ ಸರ್ಕಾರ ಬರೆಸಿದ್ದು. ಅಂದಿನಿಂದ ಮುಚ್ಚಿದ್ದ, ನೆಲದಡಿಯ ಏಳನೆಯ ಮಟ್ಟವನ್ನು ಗಣಿಯವರು ಹೋದ ವಾರ ಮತ್ತೆ ತೆರೆದಿದ್ದರು. ಕೆಲಸ ಮೊದಲು, ಪರವಾನಗಿ ಆಮೇಲೆ. ಆ ಪರವಾನಗಿಯ ಕಡತಕ್ಕೆ ಈ ಪ್ರತಿ ಬೇಕಾಗಿತ್ತು. ಆ ಪ್ಯಾರಾ ಇದ್ದರೆ ಪರವಾನಗಿ ಸಿಕ್ಕುತ್ತಿರಲಿಲ್ಲ.

“ಅವರು ಏಳನೇ ಮಟ್ಟಕ್ಕೇ ಇಳಿಯೋದು ಅಂತ ನಿಮಗೆ ಗೊತ್ತಿಲ್ವಾ?” ಪುಟ್ಟಿಯ ಗಂಡ ಆ ಗಣಿಯಲ್ಲೇ ಕೆಲಸಕ್ಕಿದ್ದ.

“ನೂರ ಮೂವತ್ತು ವರ್ಷದ ನೀರು ಇನ್ನೂ ಅಲ್ಲೇ ಕಾಯ್ಕೊಂಡು ಕೂತಿರುತ್ತಾ?”

“ನೀರಿಗೆ ವರ್ಗಾವಣೆ ಆಗುತ್ತಾ ಮಾವ? ಇವತ್ತು ಎರಡು ಗಂಟೆ ಪಾಳಿಯಲ್ಲಿ ಪೂರ್ವದ ಗೋಡೆ ಒಡೀತೀವಿ ಅಂತ ಬುತ್ತಿ ಕಟ್ಟಿಸ್ಕೊಳ್ಳುವಾಗ ಹೇಳಿದ್ರು.”

ಕನ್ನಡಕ ಒರೆಸುತ್ತಿದ್ದ ಮಾವನ ಕೈ ಅಲ್ಲೇ ನಿಂತುಬಿಟ್ಟಿತು. ಒಡೆಯುವುದು ಇವತ್ತೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಇನ್ನು ಸ್ವಲ್ಪವೇ ಇತ್ತು. ಪುಟ್ಟಿ ಟೆಲಿಫೋನಿಗೆ ಕೈ ಚಾಚಿದಳು. ಮಾವನ ಎಡಗೈ ಮೊದಲೇ ಹೋಗಿ ಅದರ ಮೇಲೆ ಕೂತಿತು.

“ಏನಂತ ಹೇಳ್ತೀಯ? ನಮ್ಮ ಮಾವ ಒಂದು ಪ್ಯಾರಾ ನುಂಗಿದಾನೆ ಅಂತಾನಾ? ನಿನ್ನನ್ನ ಈ ಕುರ್ಚಿ ಮೇಲೆ ಕೂರಿಸೋಕೆ ಎಷ್ಟು ಜನರ ಕಾಲು ಹಿಡಿದಿದೀನಿ ಗೊತ್ತಾ ನಿನಗೆ?”

“ಈಗ ನಾನು ನಿಮ್ಮ ಕಾಲು ಹಿಡೀತೀನಿ. ಕೈ ತೆಗೀರಿ.”

ಅವನು ತೆಗೆಯಲಿಲ್ಲ. ಅವಳು ವರದಿಯ ಕಡೆ ನೋಡಿದ್ದನ್ನು ಕಂಡು, ಬಲಗೈಯಿಂದ ಅದನ್ನೂ ತನ್ನತ್ತ ಎಳೆದುಕೊಂಡ. “ಇದು ಈ ಕೋಣೆ ದಾಟಿದ್ರೆ ಇಬ್ಬರೂ ಜೈಲಿಗೆ.”

“ಇಟ್ಕೊಳ್ಳಿ, ತಲೆದಿಂಬು ಮಾಡ್ಕೊಳ್ಳಿ. ಕಾಗದ ಸರ್ಕಾರದ್ದು. ಓದಿದ ಬಾಯಿ ನಂದು.”

ಕುರ್ಚಿ ಹಿಂದಕ್ಕೆ ಬಿತ್ತು. ಎತ್ತಿ ನಿಲ್ಲಿಸುವ ವ್ಯವಧಾನವೂ ಅವಳಿಗಿರಲಿಲ್ಲ. ಮೆಟ್ಟಿಲ ಮೇಲೆ ಅವಳ ಓಟದ ಸದ್ದು ಕೇಳಿತು, ಆಮೇಲೆ ಅದೂ ನಿಂತಿತು. ಗಣಿಯ ಗೇಟಿಗೆ ಪೇಟೆ ದಾಟಿ, ಗುಡ್ಡ ಹತ್ತಿ ಹೋಗಬೇಕು. ಆಗದ ಮಾತು, ಅರ್ಧ ದಾರಿಯಿಂದ ವಾಪಸು ಬರುತ್ತಾಳೆ, ಬಂದಾಗ ಬೈದರಾಯಿತು ಎಂದುಕೊಂಡ ಮಾವ. ಬಾಗಿಲು ನೋಡುತ್ತ ಕೂತ. ಪುಟ್ಟಿ ಬರಲಿಲ್ಲ.

ಕೊನೆಗೆ ವರದಿಯನ್ನು ತಿರುಗಿಸಿಕೊಂಡು, ಕೇಳುವವರು ಇಲ್ಲದಿದ್ದರೂ ಗಟ್ಟಿಯಾಗಿಯೇ ಓದಿದ. ಮನಸ್ಸಿನಲ್ಲಿ ಓದುವುದು ಅವನಿಗೆ ಮರೆತೇಹೋಗಿತ್ತು.

“ಸದರಿ ಮಟ್ಟದ ಪೂರ್ವದ ಗೋಡೆಯ ಹಿಂದೆ ಹಳೆಯ ಸುರಂಗವು ನೀರಿನಿಂದ ತುಂಬಿ ನಿಂತಿರುವುದರಿಂದ, ಅಲ್ಪವಿರಾಮ, ಸದರಿ ಗೋಡೆಗೆ ಯಾವ ಕಾಲದಲ್ಲಿಯೂ ಹಾರೆ ತಗುಲಿಸತಕ್ಕದ್ದಲ್ಲ, ಪೂರ್ಣವಿರಾಮ.”

ಓದಿ, ಎದುರಿನಿಂದ ಹೂಂ ಬರಲಿ ಎಂದು ತಡೆದ. ಬಿದ್ದ ಕುರ್ಚಿಯ ಆಚೆ, ಕಿಟಕಿಯಿಂದ ಗಣಿಯ ಎರಡು ಗಂಟೆ ಪಾಳಿಯ ಸೈರನ್ನು ಉದ್ದಕ್ಕೆ ಕೂಗಿಕೊಂಡಿತು. ಅವನ ಎಡಗೈ ಇನ್ನೂ ಟೆಲಿಫೋನನ್ನು ಅಮುಕಿಕೊಂಡೇ ಇತ್ತು.